ಹಣೆಗೆ ಅಂಟುವ ವೈರ್‌ಲೆಸ್ ಸೆನ್ಸರ್: ಎನ್‌ಐಸಿಯುನಲ್ಲಿರುವ ನಿಮ್ಮ ಮಗುವನ್ನು ಪರೀಕ್ಷೆಗೆ ಸೇರಿಸಲು ಕೇಳಿದರೆ

ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ. ಬಾಣಂತಿ ಇನ್ನೂ ಆಪರೇಷನ್ ವಾರ್ಡಿನಲ್ಲೇ ಇದ್ದಾಳೆ. ಅಷ್ಟರಲ್ಲಿ ಡಾಕ್ಟರೊಬ್ಬರು ನಾಲ್ಕೈದು ಪುಟದ ಕಾಗದ ಹಿಡಿದು ಬಂದು ಹೇಳುತ್ತಾರೆ: "ಮಗುವಿನ ಮೆದುಳಿನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸೋ ಹೊಸ ಸಾಧನ ಬಂದಿದೆ, ವೈರ್ ಇರಲ್ಲ. ಅದನ್ನ ಪರೀಕ್ಷೆ ಮಾಡ್ತಾ ಇದ್ದೀವಿ. ನಿಮ್ಮ ಮಗುವನ್ನೂ ಸೇರಿಸಿಕೊಳ್ಳಬಹುದಾ?"

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ, ನರ್ಸ್ ಆಗಿರುವ ನನ್ನನ್ನು ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವುದು ಇದನ್ನೇ. ಹೂಂ ಅನ್ನಬೇಕಾ? ಬೇಡ ಅಂದರೆ ಡಾಕ್ಟರಿಗೆ ಬೇಜಾರಾಗುತ್ತದಾ? ಬೆಳಕಿನಿಂದ ಮೆದುಳಿಗೆ ಏನಾದರೂ ಆಗುತ್ತದಾ? ಸೇರಿಸಿ ಎಂದೋ ಬೇಡ ಎಂದೋ ಹೇಳುವುದು ಈ ಲೇಖನದ ಕೆಲಸವಲ್ಲ. ಸಹಿ ಹಾಕುವ ಮುಂಚೆ ಏನು ಕೇಳಬೇಕು, ಹಾಕಿದ ಮೇಲೆ ಏನೇನು ನೋಡಿಕೊಳ್ಳಬೇಕು ಎನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ಉಳಿದದ್ದು ಮರೆತರೂ ಒಂದು ಪ್ರಶ್ನೆಯನ್ನು ಮಾತ್ರ ಕೈಬಿಡಬೇಡಿ: ಪರದೆಯ ಮೇಲೆ ಬರುವ ಆ ಅಂಕಿಯನ್ನು ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ?

ಇದಕ್ಕೆ ಬೇಕಾಗುವುದು ಸ್ವಲ್ಪವೇ. ಕನ್ನಡದಲ್ಲಿರುವ ಮಾಹಿತಿ ಪತ್ರದ ಒಂದು ಪ್ರತಿ, ಒಂದು ಪೆನ್ನು, ಪ್ರಶ್ನೆ ಬರೆದುಕೊಳ್ಳಲು ಒಂದು ನೋಟ್‌ಬುಕ್ಕು, ನಿಮ್ಮ ಜೊತೆ ಕೂತು ನಿಧಾನವಾಗಿ ಓದಿ ಹೇಳಬಲ್ಲ ಒಬ್ಬರು. ಮತ್ತೆ ಒಂದಿಷ್ಟು ಸಮಯ. ಸಮಯ ಕೇಳುವುದು ನಿಮ್ಮ ಹಕ್ಕು.

1. ಸಾಧನ ಏನನ್ನು ಅಳೆಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ

ಕರೆಂಟು ಹೋದ ರಾತ್ರಿ ಟಾರ್ಚಿನ ಮೇಲೆ ಅಂಗೈ ಮುಚ್ಚಿ ನೋಡಿರುತ್ತೀರಿ. ಬೆರಳ ಸಂದೆಲ್ಲ ಕೆಂಪಗೆ ಹೊಳೆಯುತ್ತದೆ. ಉಳಿದ ಬಣ್ಣಗಳನ್ನು ಮೈ ಹೀರಿಕೊಂಡು, ಕೆಂಪನ್ನು ಮಾತ್ರ ಆಚೆ ಬಿಡುತ್ತದೆ. ಆ ಕೆಂಪಿನಿಂದ ಇನ್ನೂ ಸ್ವಲ್ಪ ಆಚೆಗೆ ಕಣ್ಣಿಗೆ ಕಾಣದ ಬೆಳಕಿದೆ. ಟಿವಿ ರಿಮೋಟಿನಿಂದ ಹೊರಡುವುದೂ ಅದೇ ಜಾತಿಯದು. ಸುಮಾರು 700ರಿಂದ 1000 ನ್ಯಾನೊಮೀಟರ್‌ವರೆಗಿನ ಈ ಬೆಳಕು ಚರ್ಮ, ಮೂಳೆ ದಾಟಿ ಕೆಲವು ಸೆಂಟಿಮೀಟರ್ ಒಳಗೆ ಹೋಗಿ ಬರಬಲ್ಲದು. ಕೂಸಿನ ತಲೆಬುರುಡೆ ತೆಳುವಾದ್ದರಿಂದ ಮೆದುಳಿನ ಮೇಲ್ಪದರದವರೆಗೂ ತಲುಪುತ್ತದೆ.

ಆಕ್ಸಿಜನ್ ಹೊತ್ತ ರಕ್ತವೂ ಆಕ್ಸಿಜನ್ ಇಳಿಸಿ ಬಂದ ರಕ್ತವೂ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಹಣೆಯ ಪಟ್ಟಿಯ ಒಂದು ತುದಿಯಲ್ಲಿ ಪುಟ್ಟ ದೀಪಗಳಿರುತ್ತವೆ, ಸ್ವಲ್ಪ ದೂರದಲ್ಲಿ ಬೆಳಕು ಹಿಡಿಯುವ ಕಣ್ಣುಗಳಿರುತ್ತವೆ. ಒಳಗೆ ಹೋದ ಬೆಳಕು ಬಾಳೆಹಣ್ಣಿನ ಹಾಗೆ ಬಾಗಿದ ದಾರಿಯಲ್ಲಿ ತಿರುಗಿ ಬರುತ್ತದೆ. ಬಂದದ್ದು ಎಷ್ಟು ಎಂದು ಲೆಕ್ಕ ಹಾಕಿ ಸಾಧನ ಒಂದು ಶೇಕಡಾ ಅಂಕಿ ಕೊಡುತ್ತದೆ. ಡಾಕ್ಟರುಗಳು ಇದನ್ನು "ನಿರ್ಸ್" ಅನ್ನುತ್ತಾರೆ.

ವಿಧಾನ ಹಳೆಯದೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ 1977ರಲ್ಲಿ ಇದು ಸಾಧ್ಯ ಎಂದು ತೋರಿಸಿದರು. 1985ರಲ್ಲಿ ಅಲ್ಲಿನ ವೈದ್ಯರು ದಿನ ತುಂಬದ ಶಿಶುಗಳ ಮೇಲೆ ಅಳೆದ ಮೊದಲ ವರದಿ ಪ್ರಕಟಿಸಿದರು. ವೈರ್ ಇರುವ ಯಂತ್ರಗಳು ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಹೊಸತಾಗಿರುವುದು ವೈರ್ ತೆಗೆಯುವ ಭಾಗ ಮಾತ್ರ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜಾನ್ ರೋಜರ್ಸ್ ಅವರ ತಂಡ 2019ರಲ್ಲಿ ಶಿಶುಗಳ ಎದೆಗೂ ಪಾದಕ್ಕೂ ಅಂಟಿಸುವ ವೈರ್‌ಲೆಸ್ ಪಟ್ಟಿಗಳ ವರದಿ ಕೊಟ್ಟಿತು. 2020ರಲ್ಲಿ ಮಕ್ಕಳ ಮೆದುಳಿನ ಆಕ್ಸಿಜನ್ ನೋಡುವ ಮೆತ್ತನೆಯ ಪಟ್ಟಿಯ ವರದಿಯೂ ಅಲ್ಲಿಂದ ಬಂತು.

ವೈರ್ ಯಾಕೆ ಬೇಡ? ಎದೆಯ ಮೇಲೆ ಮಗುವನ್ನು ಮಲಗಿಸಿಕೊಳ್ಳುವ ತಾಯಿಯನ್ನು ಕೇಳಿ ನೋಡಿ. ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿಮೈಯಲ್ಲಿ ಎದೆಗೆ ಅವಚಿಕೊಳ್ಳುವುದು, ಕಡಿಮೆ ತೂಕದ ಶಿಶುಗಳ ಜೀವ ಉಳಿಸುತ್ತದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಹೀಗೆ ಅವಚಿಕೊಂಡ ಗುಂಪಿನಲ್ಲಿ ಸಾವು ಶೇ 12.0, ಸ್ಥಿತಿ ಸುಧಾರಿಸಿದ ಮೇಲೆ ಶುರು ಮಾಡಿದ ಗುಂಪಿನಲ್ಲಿ ಶೇ 15.7 ಇತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಮನೆಮನೆಗೆ ಮುಟ್ಟಿಸುವ ಬಗ್ಗೆ ದೊಡ್ಡ ಕೆಲಸವೇ ನಡೆದಿದೆ. ಹತ್ತು ವೈರು ಸುತ್ತಿಕೊಂಡ ಮಗುವನ್ನು ಎತ್ತಲು ತಾಯಂದಿರು ಹೆದರುತ್ತಾರೆ, ನಮ್ಮ ಹೊಸ ನರ್ಸುಗಳೂ ಹಿಂಜರಿಯುತ್ತಾರೆ. ವೈರ್‌ಲೆಸ್ ಪಟ್ಟಿಯ ಮೇಲೆ ನನಗೂ ಆಸೆ ಇರುವುದು ಈ ಕಾರಣಕ್ಕೇ.

ಎಚ್ಚರಿಕೆ: ಪರೀಕ್ಷೆಯ ಹಂತದಲ್ಲಿ ವೈರು ಕಡಿಮೆಯಾಗುತ್ತದೆ ಎಂದುಕೊಂಡು ಸಹಿ ಹಾಕಬೇಡಿ. ಹೊಸದನ್ನು ಹಳೆಯದರ ಜೊತೆ ಹೋಲಿಸಬೇಕಲ್ಲ, ಹಾಗಾಗಿ ಎಷ್ಟೋ ಸಲ ಹಣೆಯ ಒಂದು ಬದಿಗೆ ವೈರ್‌ಲೆಸ್ ಪಟ್ಟಿ, ಇನ್ನೊಂದು ಬದಿಗೆ ವೈರ್ ಇರುವ ಪಟ್ಟಿ ಎರಡೂ ಬರುತ್ತವೆ. ಎದೆಯ ಲೀಡುಗಳು, ಡ್ರಿಪ್, ಹಾಲಿನ ನಳಿಕೆ ಇದ್ದ ಹಾಗೇ ಇರುತ್ತವೆ. ಆ ಕೆಲವು ಗಂಟೆ ನಿಮ್ಮ ಮಗುವಿನ ಮೈಮೇಲೆ ಇರುವುದು ಹೆಚ್ಚೇ ಆಗಬಹುದು.

2. ಇದು ಎಂಥ ಪರೀಕ್ಷೆ ಎಂದು ಕೇಳಿ

"ಪರೀಕ್ಷೆ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕೆಲಸ ಅಡಗಿವೆ. ಯಾವುದು ಎಂದು ಗೊತ್ತಿಲ್ಲದೆ ಸಹಿ ಮಾಡುವುದೇ ನಾನು ಕಂಡ ಅತಿ ಸಾಮಾನ್ಯ ತಪ್ಪು.

ಮಗುವಿನ ಹತ್ತಿರ ಬರುವ ಮೊದಲು ಸಾಧನ ಪ್ರಯೋಗಶಾಲೆಯ ಪರೀಕ್ಷೆ ದಾಟಿರಬೇಕು. ಇದಕ್ಕೆ ಬಳಸುವ ಒಂದು ಉಪಾಯ ಸೊಗಸಾಗಿದೆ. ಬಾಯಿಂದ ಹಾಲು ಕುಡಿಯಲಾಗದ ಶಿಶುಗಳಿಗೆ ನಾವು ರಕ್ತನಾಳದ ಮೂಲಕ ಕೊಡುವ ಬಿಳಿಯ ಕೊಬ್ಬಿನ ದ್ರವವಿದೆಯಲ್ಲ, ಅದಕ್ಕೆ ಮನುಷ್ಯರ ರಕ್ತ ಬೆರೆಸಿ "ಕೃತಕ ತಲೆ" ಮಾಡುತ್ತಾರೆ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಅದಕ್ಕೆ ಸೇರಿಸಿದರೆ, ಅದು ಉಸಿರಾಡುತ್ತಾ ಆಕ್ಸಿಜನ್ ಅನ್ನು ಮೆಲ್ಲಗೆ ಖಾಲಿ ಮಾಡುತ್ತದೆ. ಅಂಕಿ ಸರಿಯಾಗಿ ಇಳಿಯುತ್ತದೆಯೇ ಎಂದು ಸಾಧನವನ್ನು ಇಟ್ಟು ನೋಡುತ್ತಾರೆ. ಮೆದುಳಿನ ಆಕ್ಸಿಮೀಟರುಗಳಿಗೆಂದೇ ಐಎಸ್‌ಒ 80601-2-85 ಎಂಬ ಅಂತರರಾಷ್ಟ್ರೀಯ ಮಾನದಂಡವೂ 2021ರಿಂದ ಇದೆ. "ಸಾಧನ ಈ ಹಂತ ದಾಟಿದೆಯಾ, ಇದಕ್ಕೂ ಮೊದಲು ಎಷ್ಟು ಮಕ್ಕಳ ಮೇಲೆ ಬಳಸಿದ್ದೀರಿ?" ಎಂದು ಸಂಕೋಚವಿಲ್ಲದೆ ಕೇಳಿ.

ಆಮೇಲೆ ವಾರ್ಡಿನ ಮೂರು ಬಗೆ.

ಮೊದಲನೆಯದು, ಪಟ್ಟಿ ಕೂರುತ್ತದೆಯೇ ಎಂಬ ಪರೀಕ್ಷೆ. ಚರ್ಮ ಕೆಂಪಾಗುತ್ತದೆಯೇ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಸಿಗ್ನಲ್ ಕಡಿಯುತ್ತದೆಯೇ ಎಂದಷ್ಟೇ ನೋಡುತ್ತಾರೆ.

ಎರಡನೆಯದು, ಹೋಲಿಕೆ ಪರೀಕ್ಷೆ. ಹಳೆಯ ಯಂತ್ರದ ಅಂಕಿಯನ್ನೂ ಹೊಸದರ ಅಂಕಿಯನ್ನೂ ಒಟ್ಟಿಗೆ ಬರೆದುಕೊಳ್ಳುತ್ತಾರೆ. "ಸರಾಸರಿ ವ್ಯತ್ಯಾಸ ಇಲ್ಲವೇ ಇಲ್ಲ" ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಮಗುವನ್ನು ತೂಗುವ ಎರಡು ತಕ್ಕಡಿ ಇವೆ ಅಂದುಕೊಳ್ಳಿ. ಒಂದು ಯಾವಾಗಲೂ 50 ಗ್ರಾಂ ಹೆಚ್ಚು ತೋರಿಸುತ್ತದೆ; ಕಳೆದುಕೊಂಡರೆ ಆಯಿತು. ಇನ್ನೊಂದು ಒಮ್ಮೆ 100 ಗ್ರಾಂ ಹೆಚ್ಚು, ಒಮ್ಮೆ 100 ಗ್ರಾಂ ಕಡಿಮೆ ತೋರಿಸುತ್ತದೆ. ಅದರ ಸರಾಸರಿ ತಪ್ಪು ಸೊನ್ನೆ, ಆದರೂ ಒಂದು ಕಿಲೋ ಮಗುವಿಗೆ ಅದು ಪ್ರಯೋಜನಕ್ಕೆ ಬಾರದು. ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ವೈದ್ಯರಿಗೆ ಬಿಡಿಸಿ ಹೇಳಿದ್ದು ಇದನ್ನೇ. ಹೋಲಿಕೆ ಪರೀಕ್ಷೆಗಳನ್ನು ಇಂದಿಗೂ ಅವರ ಹೆಸರಿನ ಲೆಕ್ಕದಲ್ಲೇ ಅಳೆಯುತ್ತಾರೆ.

ಮೂರನೆಯದು, ಚಿಕಿತ್ಸೆಯ ಪರೀಕ್ಷೆ. ಇಲ್ಲಿ ಅಂಕಿ ನೋಡಿ ಡಾಕ್ಟರು ಆಕ್ಸಿಜನ್ ಹೆಚ್ಚಿಸುತ್ತಾರೆ, ಇಳಿಸುತ್ತಾರೆ, ವೆಂಟಿಲೇಟರ್ ಬದಲಿಸುತ್ತಾರೆ, ರಕ್ತದೊತ್ತಡದ ಔಷಧಿ ಕೊಡುತ್ತಾರೆ. ಮೊದಲೆರಡಕ್ಕೂ ಇದಕ್ಕೂ ಅಜಗಜಾಂತರ.

ಮೊದಲೆರಡರಲ್ಲಿ ಅಂಕಿಯನ್ನು ಸಾಮಾನ್ಯವಾಗಿ ಮುಚ್ಚಿಡುತ್ತಾರೆ, ಚಿಕಿತ್ಸೆ ಕೊಡುವವರಿಗೂ ಕಾಣದ ಹಾಗೆ. ಕೆಲವು ಅಪ್ಪಂದಿರಿಗೆ ಇದು ಅನ್ಯಾಯ ಅನಿಸುತ್ತದೆ: "ನನ್ನ ಮಗುವಿನ ಮೆದುಳಿನ ವಿಷಯ, ನೋಡದೇ ಯಾಕೆ ಇಡ್ತೀರಿ?" ಸರಿಯೋ ತಪ್ಪೋ ಗೊತ್ತಿಲ್ಲದ ಅಂಕಿಯನ್ನು ನಂಬಿ ಮಗುವಿನ ಆಕ್ಸಿಜನ್ ಏರಿಸಿದರೆ ಕಣ್ಣಿನ ಒಳಪದರಕ್ಕೆ, ಅಂದರೆ ರೆಟಿನಾಕ್ಕೆ, ಹಾನಿಯಾಗಬಹುದು, ಇಳಿಸಿದರೆ ಮೆದುಳಿಗೆ. ಮುಚ್ಚಿಡುವುದೇ ಆ ಹಂತದಲ್ಲಿ ಮಗುವಿಗೆ ರಕ್ಷಣೆ.

ಮೂರನೆಯ ಬಗೆಯದಾದರೆ ಈ ಸಂಗತಿ ನಿಮಗೆ ಗೊತ್ತಿರಲಿ. ವೈರ್ ಇರುವ ಯಂತ್ರಗಳಿಂದಲೇ ನಡೆದ ಅತಿ ದೊಡ್ಡ ಅಧ್ಯಯನದ ಹೆಸರು ಸೇಫ್‌ಬೂಸ್ಕ್-3. 17 ದೇಶಗಳ 70 ಎನ್‌ಐಸಿಯುಗಳು, 28 ವಾರಕ್ಕೂ ಮೊದಲು ಹುಟ್ಟಿದ 1,601 ಶಿಶುಗಳು. ಹುಟ್ಟಿದ ಮೊದಲ 72 ಗಂಟೆ ಅರ್ಧದಷ್ಟು ಮಕ್ಕಳಿಗೆ ಮೆದುಳಿನ ಅಂಕಿ ನೋಡಿ ಚಿಕಿತ್ಸೆ ಕೊಟ್ಟರು, ಉಳಿದವರಿಗೆ ಎಂದಿನ ಆರೈಕೆ. 2023ರಲ್ಲಿ ಬಂದ ಫಲಿತಾಂಶ: ಸಾವು ಅಥವಾ ತೀವ್ರ ಮೆದುಳಿನ ಹಾನಿ ಒಂದು ಗುಂಪಿನಲ್ಲಿ ಶೇ 35.2, ಇನ್ನೊಂದರಲ್ಲಿ ಶೇ 34.0. ಅಂದರೆ ಗಣನೀಯ ವ್ಯತ್ಯಾಸವಿಲ್ಲ. ಅದಕ್ಕೂ ಮೊದಲು 166 ಶಿಶುಗಳಲ್ಲಿ ನಡೆದ ಸೇಫ್‌ಬೂಸ್ಕ್-2ರಲ್ಲಿ, ಅಂಕಿ ನೋಡಿ ಆರೈಕೆ ಮಾಡಿದರೆ ಮೆದುಳಿನ ಆಕ್ಸಿಜನ್ ತೀರಾ ಕೆಳಗೆ ಅಥವಾ ಮೇಲೆ ಇರುವ ಹೊತ್ತು ಕಡಿಮೆಯಾಗುತ್ತದೆ ಎಂದು ಕಂಡಿತ್ತು. ಅಂಕಿಯನ್ನು ಹದದಲ್ಲಿಡುವುದು ಒಂದು, ಅದರಿಂದ ಮಗು ಉಳಿಯುವುದು ಇನ್ನೊಂದು. ಇಂಥ ಶೇಕಡಾವಾರು ಓದುವುದು ನಿಮಗೆ ಎಷ್ಟು ಕಷ್ಟ ಎಂದು ಗೊತ್ತು. ಆದರೆ "ಇದನ್ನು ಹಾಕಿದರೆ ಮಗು ಉಳಿಯುತ್ತದೆ" ಎಂದು ಯಾರೂ ನಿಮ್ಮನ್ನು ನಂಬಿಸಬಾರದು. ಹಾಕದಿದ್ದರೆ ಮಗುವಿಗೆ ಏನೋ ತಪ್ಪಿಹೋಯಿತು ಎಂಬ ಕೊರಗೂ ನಿಮಗೆ ಬೇಡ.

3. ಕಾಗದ ಓದಿ, ಅರ್ಥವಾಗದ್ದನ್ನು ಓದಿಸಿ

ಮಾಹಿತಿ ಪತ್ರ ನಿಮಗೆ ಗೊತ್ತಿರುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷ್ ಪ್ರತಿ ಕೈಗಿಟ್ಟು ಬಾಯಲ್ಲಿ ಕನ್ನಡದಲ್ಲಿ ವಿವರಿಸಿದರೆ ಸಾಲದು. ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಪೂರ್ತಿ ಓದಿ ಹೇಳಬೇಕು. ಅದರಲ್ಲಿ ಇವನ್ನು ಹುಡುಕಿ.

ಆಸ್ಪತ್ರೆಯ ನೈತಿಕ ಸಮಿತಿ, ಅಂದರೆ ಎಥಿಕ್ಸ್ ಕಮಿಟಿ, ಒಪ್ಪಿದೆಯೇ? ಸಮಿತಿಯ ಫೋನ್ ನಂಬರ್ ಕಾಗದದಲ್ಲಿದೆಯೇ? ಸಂಶೋಧನೆ ಮಾಡುವ ಡಾಕ್ಟರ ನಂಬರ್ ಮಾತ್ರ ಇದ್ದರೆ ಸಮಿತಿಯದನ್ನೂ ಕೇಳಿ ಬರೆದುಕೊಳ್ಳಿ.

ಕ್ಲಿನಿಕಲ್ ಟ್ರಯಲ್ ಆಗಿದ್ದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಇರಬೇಕು. ದೇಶದಲ್ಲಿ ನಡೆಯುವ ಇಂಥ ಪರೀಕ್ಷೆಗಳ ಸಾರ್ವಜನಿಕ ದಾಖಲೆ ಅದು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ನಡೆಸುತ್ತದೆ, ಯಾರು ಬೇಕಾದರೂ ಫೋನಿನಲ್ಲೇ ಹುಡುಕಿ ಓದಬಹುದು. ಮೊದಲ ಮಗುವನ್ನು ಸೇರಿಸುವುದಕ್ಕೂ ಮುಂಚೆಯೇ ನೋಂದಣಿ ಆಗಿರಬೇಕು. ಎಷ್ಟು ಮಕ್ಕಳು, ಎಷ್ಟು ಹೊತ್ತು, ಏನನ್ನು ಅಳೆಯುತ್ತಾರೆ ಎಂದು ಅಲ್ಲಿ ಬರೆದದ್ದೂ ನಿಮಗೆ ಹೇಳಿದ್ದೂ ತಾಳೆಯಾಗುತ್ತದೆಯೇ ನೋಡಿ. ಮಾರುಕಟ್ಟೆಗೆ ಇನ್ನೂ ಬರದ ಹೊಸ ಸಾಧನವಾದರೆ 2017ರ ವೈದ್ಯಕೀಯ ಸಾಧನ ನಿಯಮಗಳು ಅನ್ವಯಿಸುತ್ತವೆ. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರು ಕೊಡುತ್ತಾರೆ ಎಂಬ ಸಾಲು ಕಾಗದದಲ್ಲಿ ಸ್ಪಷ್ಟವಾಗಿ ಇರಲೇಬೇಕು.

ಸಾಧನಕ್ಕೆ, ಅದರ ಪಟ್ಟಿಗೆ, ಹೆಚ್ಚುವರಿ ಪರೀಕ್ಷೆಗೆ ನಿಮ್ಮಿಂದ ಒಂದು ರೂಪಾಯಿಯೂ ತೆಗೆದುಕೊಳ್ಳಬಾರದು. ಬಿಲ್ಲಿನಲ್ಲಿ ಹೊಸ ಹೆಸರು ಕಂಡರೆ ವಿಚಾರಿಸಿ.

ಇನ್ನೊಂದು ಪ್ರಶ್ನೆ ನಮ್ಮವರು ಕೇಳುವುದೇ ಇಲ್ಲ, ಕೇಳಲೇಬೇಕು: "ಈ ಸಾಧನವನ್ನು ನಮ್ಮಂಥ ಮೈಬಣ್ಣದ ಮಕ್ಕಳ ಮೇಲೆ ಪರೀಕ್ಷಿಸಿದ್ದಾರಾ?" ಚರ್ಮದ ಕಪ್ಪು ವರ್ಣದ್ರವ್ಯವೂ ಬೆಳಕನ್ನು ಹೀರುತ್ತದೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರು ಕಪ್ಪು ವರ್ಣದ ರೋಗಿಗಳಲ್ಲಿ ಆಕ್ಸಿಜನ್ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಕಾಣದೇ ಬಿಟ್ಟಿತ್ತು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆ ಯಂತ್ರ ಅಷ್ಟು ಹೊತ್ತಿಗೆ ದಶಕಗಳಿಂದ ಬಳಕೆಯಲ್ಲಿತ್ತು. ನಮ್ಮ ಮಕ್ಕಳು ಈ ಅಧ್ಯಯನಗಳಲ್ಲಿ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುವುದು ಇದಕ್ಕಾಗಿ.

4. ಸಹಿ ಯಾರದು, ಯಾವಾಗ

ಅಪ್ಪ ಅಥವಾ ಅಮ್ಮನದು. ಅಪಾಯ ತೀರಾ ಕಡಿಮೆ ಇರುವ ಅಧ್ಯಯನಕ್ಕೆ ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರ ಸಹಿ ಸಾಕು. ಬಾಣಂತಿಗೆ ಹುಷಾರಿಲ್ಲ, ಅಪ್ಪ ಊರಿಂದ ಬರಬೇಕು ಎಂದು ಅಜ್ಜಿಯೋ ಸೋದರಮಾವನೋ ಬಾಗಿಲಲ್ಲಿ ನಿಂತೇ ಸಹಿ ಮಾಡಿಬಿಡುವುದುಂಟು. ಕಾನೂನಿನ ಪ್ರಕಾರ ಪೋಷಕರಲ್ಲದವರ ಸಹಿ ನಡೆಯದು, ಮಾಡಿಸಿಕೊಳ್ಳಲೂಬಾರದು.

ಹುಟ್ಟಿದ ಆರು ಗಂಟೆಯೊಳಗೆ ಶುರುವಾಗಬೇಕಾದ ಅಧ್ಯಯನಗಳಿವೆ, ಯಾಕೆಂದರೆ ಮೆದುಳಿನ ರಕ್ತಸ್ರಾವದ ಭಯ ಹೆಚ್ಚಿರುವುದು ಮೊದಲ ಮೂರು ದಿನ. ಹೆರಿಗೆ ಬೇಗ ಆಗಬಹುದು ಎಂದು ತಾಯಿಯನ್ನು ಮೊದಲೇ ಸೇರಿಸಿಕೊಂಡಿದ್ದರೆ, "ಮಗು ಬಂದ ಮೇಲೆ ಯಾವುದಾದರೂ ಅಧ್ಯಯನಕ್ಕೆ ಕೇಳುತ್ತೀರಾ? ಕಾಗದ ಈಗಲೇ ಕೊಡಿ" ಎಂದುಬಿಡಿ. ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ ಓದುವುದಕ್ಕಿಂತ ವಾರ್ಡಿನ ಮಂಚದ ಮೇಲೆ ಓದುವುದು ಎಷ್ಟೋ ಮೇಲು.

ಬೇಡ ಅನ್ನಿಸಿದರೆ ಬೇಡ ಅನ್ನಿ. ಕಾರಣ ಕೊಡಬೇಕಾಗಿಲ್ಲ. ಆರೈಕೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು. ವ್ಯತ್ಯಾಸ ಆಯಿತು ಅನ್ನಿಸಿದರೆ ಎಥಿಕ್ಸ್ ಕಮಿಟಿಗೆ ಫೋನ್ ಮಾಡಿ. ಸಹಿ ಮಾಡಿದವರು ಸಹಿಯಾದ ಪ್ರತಿಯನ್ನು ಕೇಳಿ ಪಡೆಯಲೇಬೇಕು.

5. ಪಟ್ಟಿ ಅಂಟಿಸುವ ಮುನ್ನ

ನಮ್ಮ ಮನೆಗಳಿಗೆ ಸಂಬಂಧಪಟ್ಟದ್ದನ್ನು ಮೊದಲು ಹೇಳುತ್ತೇನೆ. ಹಣೆಗೆ ದೃಷ್ಟಿಬೊಟ್ಟು ಬೇಡ. ಕಾಡಿಗೆ ಅಂದರೆ ಮಸಿ, ಈ ಬೆಳಕನ್ನು ಅದು ನುಂಗಿಬಿಡುತ್ತದೆ. ಪಟ್ಟಿಯ ಕೆಳಗೆ ಸಣ್ಣ ಬೊಟ್ಟು ಉಳಿದರೂ ಅಂಕಿ ಕೆಡಬಹುದು. ದೇವಸ್ಥಾನದಿಂದ ತಂದ ಕುಂಕುಮ, ವಿಭೂತಿ, ಅಂಗಾರ ಕೂಡ ಹಣೆಗೆ ಬೇಡ, ಎಣ್ಣೆ ಸವರಬೇಡಿ. ಅಜ್ಜಿಗೆ ಸಮಾಧಾನ ಬೇಕಿದ್ದರೆ ಪ್ರಸಾದದ ಪೊಟ್ಟಣ ಹೊರಗೆ ನಿಮ್ಮ ಚೀಲದಲ್ಲೇ ಇರಲಿ. ಈಗಾಗಲೇ ಹಚ್ಚಿದ್ದರೆ ಮುಚ್ಚಿಡಬೇಡಿ, ನರ್ಸಿಗೆ ಹೇಳಿ. ಒರೆಸುವುದು ನಮ್ಮ ಕೆಲಸ; ನೀವು ತಿಕ್ಕಲು ಹೋದರೆ ಚರ್ಮ ಕಿತ್ತುಬರಬಹುದು.

ದಿನ ತುಂಬದ ಕೂಸಿನ ಚರ್ಮ ಅಷ್ಟು ನಾಜೂಕು. ಹಾಗಾಗಿ ಗಟ್ಟಿ ಅಂಟಿನ ಬದಲು ಸಿಲಿಕೋನ್ ಪದರ ಅಥವಾ ಮೆತ್ತನೆಯ ಬ್ಯಾಂಡ್ ಬಳಸುತ್ತಾರೋ ಎಂದು ಕೇಳಿ. ಬ್ಯಾಂಡ್ ಬಿಗಿಯಾದರೆ ಅದೇ ರಕ್ತದ ಓಟಕ್ಕೆ ಅಡ್ಡಿ. ಪಟ್ಟಿ ಹಣೆಯ ಒಂದು ಬದಿಗೆ, ಕೂದಲ ಗೆರೆಯ ಕೆಳಗೆ ಬರಬೇಕು. ಹಣೆಯ ನಡುವೆ ಬೇಡ, ಅಲ್ಲಿ ಒಳಗೆ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಹೆರಿಗೆಯಲ್ಲಿ ತಲೆ ಊದಿಕೊಂಡಿದ್ದರೆ ಆ ಊತದ ಮೇಲೂ ಬೇಡ. ಹೊರಗೆ ಹೆಪ್ಪುಗಟ್ಟಿದ ರಕ್ತವನ್ನೇ ಸಾಧನ ಅಳೆಯುತ್ತದೆ.

ಬೆಳಕಿನ ಬಗ್ಗೆ ಭಯ ಬೇಡ. ಇದು ಎಕ್ಸ್-ರೇ ಜಾತಿಯದಲ್ಲ. ಅಂಕಿ ಕಳಿಸುವ ಬ್ಲೂಟೂತ್ ಅಲೆಯೂ ನಿಮ್ಮ ಜೇಬಿನ ಮೊಬೈಲಿಗಿಂತ ಎಷ್ಟೋ ದುರ್ಬಲ. ನಿಜವಾಗಿ ಕೇಳಬೇಕಾದದ್ದು ಬಿಸಿಯ ಬಗ್ಗೆ: ಬ್ಯಾಟರಿ ಎಷ್ಟು ಬಿಸಿಯಾಗುತ್ತದೆ, ಎಷ್ಟು ಗಂಟೆಗೊಮ್ಮೆ ಪಟ್ಟಿ ಎತ್ತಿ ಚರ್ಮ ನೋಡುತ್ತೀರಿ? ಮಗುವಿನ ಮೈಮೇಲಿರುವಾಗ ಚಾರ್ಜ್ ಮಾಡುವಂತೆಯೇ ಇಲ್ಲ.

6. ಪರೀಕ್ಷೆ ನಡೆಯುವಾಗ

ಎಲ್ಲಕ್ಕಿಂತ ಮೊದಲು, ನಿಮ್ಮ ಮಗುವಿನ ಅಂಕಿ ನಿಮ್ಮ ಮಗುವಿನದೇನಾ ಎಂದು ಖಚಿತಪಡಿಸಿಕೊಳ್ಳಿ. ವೈರ್ ಇದ್ದರೆ ಬೆರಳಿಟ್ಟು ಹಿಂಬಾಲಿಸಿದರೆ ಯಾವ ಮಗುವಿನಿಂದ ಯಾವ ಯಂತ್ರಕ್ಕೆ ಹೋಗಿದೆ ಎಂದು ಗೊತ್ತಾಗುತ್ತದೆ. ವೈರ್ ಇಲ್ಲದಿದ್ದರೆ ಆ ದಾರಿಯೇ ಮಾಯ. ಪಕ್ಕದ ಪೆಟ್ಟಿಗೆಯ ಮಗುವಿನ ಪಟ್ಟಿ ನಿಮ್ಮ ಮಗುವಿನ ಪರದೆಗೆ ಜೋಡಿಯಾಗಿಬಿಡುವ ಅಪಾಯ ಇಂಥ ಸಾಧನಗಳಲ್ಲಿ ಇದ್ದೇ ಇದೆ. ಪಟ್ಟಿಯ ಸಂಖ್ಯೆ, ಪರದೆಯ ಸಂಖ್ಯೆ, ಮಗುವಿನ ಕಾಲಿನ ಬ್ಯಾಂಡಿನ ಹೆಸರು ಮೂರೂ ಹೊಂದಬೇಕು. ಪ್ರತಿ ಶಿಫ್ಟಿಗೂ ಪಟ್ಟಿ ಬದಲಿಸಿದಾಗಲೂ ಇದನ್ನು ನೋಡಬೇಕು. ಅವಳಿ ಮಕ್ಕಳ ತಾಯ್ತಂದೆಯರೇ, ನೀವು ಇದನ್ನು ಪ್ರತಿ ಸಲ ಕೇಳಿ. ನರ್ಸಿಗೆ ಕಿರಿಕಿರಿಯಾಗುತ್ತದೆ ಅಂದುಕೊಳ್ಳಬೇಡಿ.

ಕಾಮಾಲೆಗೆ ನೀಲಿ ಲೈಟಿನಡಿ ಇಟ್ಟಿದ್ದರೆ ಹೊರಗಿನ ಬೆಳಕು ಒಳನುಗ್ಗದಂತೆ ಪಟ್ಟಿಯ ಮೇಲೆ ಮುಸುಕು ಹಾಕುತ್ತಾರೆ. ಅದನ್ನು ಸರಿಸಬೇಡಿ.

ಕಾಂಗರೂ ಆರೈಕೆ ನಿಲ್ಲಿಸಬೇಕಾಗಿಲ್ಲ. ನಿಲ್ಲಿಸಿ ಎಂದು ಹೇಳಿದರೆ ಯಾಕೆ ಎಂದು ಕೇಳಿ, ಅದಕ್ಕಾಗಿಯೇ ತಾನೇ ವೈರ್ ತೆಗೆದದ್ದು. ಅವಚಿಕೊಳ್ಳುವಾಗ ಪಟ್ಟಿ ಇರುವ ಬದಿ ಮೇಲಕ್ಕೆ ಬರುವಂತೆ ಮಗುವಿನ ತಲೆ ತಿರುಗಿಸಿ ಕೊಡಲು ನರ್ಸಿಗೆ ಹೇಳಿ. ಪಟ್ಟಿ ಎದೆಗೆ ಒತ್ತಿಕೊಂಡರೆ ಅಂಕಿಯೂ ಕೆಡುತ್ತದೆ, ಮಗುವಿನ ಹಣೆಗೂ ಒತ್ತು ಬೀಳುತ್ತದೆ. ಎತ್ತಿದ ಹೊತ್ತು, ಮಲಗಿಸಿದ ಹೊತ್ತು, ಹಾಲು ಕೊಟ್ಟ ಹೊತ್ತು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಂಶೋಧಕರಿಗೆ ನಿಜಕ್ಕೂ ಉಪಕಾರ.

ಪರದೆ ಖಾಲಿಯಾದರೆ ಗಾಬರಿಯಾಗಬೇಡಿ. ಬ್ಲೂಟೂತ್, ಎಷ್ಟೋ ವೈಫೈ ಎಲ್ಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲಿನ ಅಲೆಗಳಲ್ಲೇ ಓಡಾಡುತ್ತವೆ. ಸಂತೆಯ ಹೊತ್ತಿನ ಬೀದಿಯಂತೆ ಅಲ್ಲಿ ನೂಕುನುಗ್ಗಲು, ಮಾತು ಕಡಿಯುತ್ತದೆ. ಮಗುವನ್ನು ನೋಡಿ, ಎಂದಿನ ಮಾನಿಟರ್ ನೋಡಿ, ನರ್ಸನ್ನು ಕರೆಯಿರಿ. ಪರೀಕ್ಷೆಯ ಸಾಧನ ಇದೆ ಎಂದು ಎಂದಿನ ಪಲ್ಸ್ ಆಕ್ಸಿಮೀಟರನ್ನು ಯಾರಾದರೂ ತೆಗೆಯಲು ಹೊರಟರೆ ಮಾತ್ರ ಅಲ್ಲೇ ತಡೆದು ಕೇಳಿ.

7. ಅಂಕಿ ಕಂಡರೆ ಹೇಗೆ ಓದಬೇಕು

ಪಾದಕ್ಕೆ ಕಟ್ಟಿದ ಪಲ್ಸ್ ಆಕ್ಸಿಮೀಟರು 92 ತೋರಿಸುತ್ತಿದೆ, ಹಣೆಯ ಪಟ್ಟಿ 70 ತೋರಿಸುತ್ತಿದೆ. ಇದನ್ನು ಕಂಡು ಕಣ್ಣೀರು ಹಾಕಿದ ತಾಯಂದಿರಿದ್ದಾರೆ. ಅಳಬೇಕಾದ್ದಿಲ್ಲ. ಪಾದದ ಯಂತ್ರ ಹೃದಯದಿಂದ ಹೊರಟ ತುಂಬಿದ ರಕ್ತವನ್ನು ಮಾತ್ರ ನೋಡುತ್ತದೆ. ಹಣೆಯ ಪಟ್ಟಿ ನೋಡುವ ರಕ್ತದಲ್ಲಿ ಮುಕ್ಕಾಲು ಪಾಲು ಮೆದುಳಿಗೆ ಆಕ್ಸಿಜನ್ ಕೊಟ್ಟು ವಾಪಸ್ ಹೊರಟದ್ದು. ಕೊಟ್ಟು ಬಂದವರ ಚೀಲ ಹಗುರವಾಗಿಯೇ ಇರಬೇಕು. 92ರಲ್ಲಿ 70 ಕಳೆದರೆ 22, ಅದನ್ನು 92ರಿಂದ ಭಾಗಿಸಿದರೆ ಸುಮಾರು 0.24. ಅಂದರೆ ಬಂದ ಆಕ್ಸಿಜನ್ನಿನಲ್ಲಿ ಕಾಲು ಭಾಗವನ್ನು ಮೆದುಳು ಬಳಸಿಕೊಂಡಿದೆ ಎಂದು ಡಾಕ್ಟರು ಓದುತ್ತಾರೆ.

ಸೇಫ್‌ಬೂಸ್ಕ್-2 ಅಧ್ಯಯನ ಇಟ್ಟುಕೊಂಡ ಹದ ಶೇ 55ರಿಂದ 85. ಆದರೆ ಈ 55ನ್ನು ಎಲ್ಲ ಯಂತ್ರಕ್ಕೂ ಅನ್ವಯಿಸಬೇಡಿ. ಒಂದೇ ಕಂಪನಿಯ ಒಂದೇ ಯಂತ್ರಕ್ಕೆ ದೊಡ್ಡವರ ಪಟ್ಟಿ ಬದಲು ಶಿಶುಗಳ ಪಟ್ಟಿ ಹಾಕಿದರೂ ಅಂಕಿ ಹತ್ತರಷ್ಟು ಮೇಲೇರುವುದುಂಟು. ಪಕ್ಕದ ಮಗುವಿನ 78 ನಿಮ್ಮ ಮಗುವಿನ 66ಕ್ಕಿಂತ ಒಳ್ಳೆಯದು ಎಂದು ಹೋಲಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅದೇ ಮಗು, ಅದೇ ಪಟ್ಟಿ, ಗಂಟೆಗಳ ಮೇಲೆ ಅಂಕಿ ಎತ್ತ ಹೋಗುತ್ತಿದೆ ಎನ್ನುವುದಕ್ಕೆ ಮಾತ್ರ ಅರ್ಥವಿದೆ.

ಇಳಿಯುವುದಕ್ಕೆ ಹಲವು ಕಾರಣ. ಉಸಿರು ನಿಂತು ನಿಂತು ಬರುವುದು, ರಕ್ತದೊತ್ತಡ ಕಡಿಮೆ, ರಕ್ತಹೀನತೆ, ಹೃದಯದ ಬಳಿಯ ನಾಳ ಮುಚ್ಚದೇ ಉಳಿದಿರುವುದು. ವೆಂಟಿಲೇಟರು ಜಾಸ್ತಿ ಉಸಿರು ಕೊಟ್ಟು ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದರೂ ಮೆದುಳಿನ ನಾಳಗಳು ಸಂಕುಚಿಸಿ ಅಂಕಿ ಕುಸಿಯುತ್ತದೆ. ಪಟ್ಟಿ ಅರ್ಧ ಕಿತ್ತುಬಂದಿದ್ದರೂ ಕುಸಿಯುತ್ತದೆ, ಮೊದಲು ನೋಡುವುದು ಅದನ್ನೇ. ಹಾಗೆಂದು ಏರಿದ್ದೆಲ್ಲ ಒಳ್ಳೆಯದಲ್ಲ. ಹುಟ್ಟುವಾಗ ಉಸಿರುಗಟ್ಟಿದ ಮಕ್ಕಳಲ್ಲಿ ಒಂದು ದಿನದ ಮೇಲೂ ಅಂಕಿ ತೀರಾ ಎತ್ತರದಲ್ಲೇ ಇದ್ದರೆ, ದಣಿದ ಮೆದುಳು ಬಂದ ಆಕ್ಸಿಜನ್ನನ್ನು ಬಳಸಿಕೊಳ್ಳುತ್ತಿಲ್ಲ ಎಂಬ ಆತಂಕ ಡಾಕ್ಟರಿಗೆ ಬರುತ್ತದೆ.

ಪರದೆಯ ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಇನ್ನೂ ಪರೀಕ್ಷೆಯಲ್ಲಿರುವ ಅಂಕಿ ನೋಡಿ ಊರಿನಿಂದ ಹತ್ತು ಜನ ಹತ್ತು ಸಲಹೆ ಕಳಿಸಿದರೆ ನಿಮ್ಮ ಎದೆಯೇ ಒಡೆಯುವುದು.

8. ನಿಲ್ಲಿಸುವುದು, ತೆಗೆಯುವುದು, ಆಮೇಲಿನದು

ಯಾವ ಕ್ಷಣದಲ್ಲಾದರೂ "ಸಾಕು, ತೆಗೆಯಿರಿ" ಅನ್ನಬಹುದು. ಬಾಯಿಮಾತಲ್ಲಿ ಹೇಳಿ, ಜೊತೆಗೆ ದಿನಾಂಕ ಹಾಕಿ ಒಂದು ಸಾಲು ಬರೆದುಕೊಡಿ. ಅಲ್ಲಿಯವರೆಗೆ ದಾಖಲಾದ ಮಾಹಿತಿಯನ್ನು ಅಳಿಸುತ್ತಾರೋ ಬಳಸುತ್ತಾರೋ ಎಂಬುದು ಮಾಹಿತಿ ಪತ್ರದಲ್ಲಿ ಇರಬೇಕು. ಸಹಿಗೆ ಮೊದಲೇ ಓದಿಕೊಂಡಿರಿ. ಸ್ಕ್ರೀನಿನ ಮಾಹಿತಿ ಆಸ್ಪತ್ರೆಯ ಸರ್ವರಿನಲ್ಲಿ ಇರುತ್ತದೋ ಕಂಪನಿಯ ಬಳಿ ಹೋಗುತ್ತದೋ, ಹೆಸರು ತೆಗೆದು ಕಳಿಸುತ್ತಾರೋ ಎಂಬುದೂ ಅಷ್ಟೇ ಮುಖ್ಯ.

ಪಟ್ಟಿಯನ್ನು ನೀವು ಎಳೆಯಬೇಡಿ. ನರ್ಸು ಅಂಚನ್ನು ತೇವ ಮಾಡಿ, ಚರ್ಮವನ್ನು ಬೆರಳಲ್ಲಿ ಹಿಡಿದು, ಚರ್ಮಕ್ಕೆ ಸಮವಾಗಿ ಮೆಲ್ಲಗೆ ಬಿಡಿಸುತ್ತಾರೆ. ಎಂಆರ್‌ಐ ಸ್ಕ್ಯಾನಿಗೆ ಕರೆದೊಯ್ಯುವ ಮುಂಚೆ ಪಟ್ಟಿ ಮೈಮೇಲಿಲ್ಲ ಎಂದು ಬಾಗಿಲಲ್ಲಿ ಮತ್ತೊಮ್ಮೆ ಹೇಳಿ. ಟೋಪಿಯ ಕೆಳಗಿದ್ದರೆ ಅಲ್ಲಿಯವರಿಗೆ ಕಾಣುವುದಿಲ್ಲ. ತೆಗೆದ ಮೇಲೆ ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಸಬೇಕು. ಗುಳ್ಳೆಯಾದರೆ, ಚರ್ಮ ಸುಲಿದರೆ, ಮರುದಿನವೂ ಗುರುತು ಉಳಿದರೆ ಅದು "ಸಣ್ಣದು" ಅಂತ ಬಿಡಬೇಡಿ. ಅದನ್ನು ಅಧ್ಯಯನದ ದಾಖಲೆಯಲ್ಲಿ ಬರೆಯಲೇಬೇಕು. ಮುಂದಿನ ಮಗುವಿನ ಪಟ್ಟಿ ಮೆತ್ತಗಾಗುವುದು ಇಂಥ ಟಿಪ್ಪಣಿಗಳಿಂದಲೇ.

ಡಿಸ್ಚಾರ್ಜ್ ಸಾರಾಂಶದಲ್ಲಿ ಮಗು ಅಧ್ಯಯನದಲ್ಲಿ ಇತ್ತು ಎಂದು ಒಂದು ಸಾಲು ಬರೆಸಿ. ತಲೆ ಸ್ಕ್ಯಾನ್, ಕಣ್ಣಿನ ಪರೀಕ್ಷೆ, ಕಿವಿಯ ಪರೀಕ್ಷೆ ಯಾವುದನ್ನೂ "ಮೆದುಳಿನ ಆಕ್ಸಿಜನ್ ಚೆನ್ನಾಗಿತ್ತಲ್ಲ" ಎಂದು ತಪ್ಪಿಸಬೇಡಿ. ದಿನ ತುಂಬದ ಮಗುವಿಗೆ ಇವೆಲ್ಲ ಹೇಗಿದ್ದರೂ ಬೇಕು. ಫಲಿತಾಂಶ ಪ್ರಕಟವಾದಾಗ ತಿಳಿಸಿ ಎಂದು ಫೋನ್ ನಂಬರ್ ಕೊಟ್ಟಿರಿ. ಸಹಿಯಾದ ಪ್ರತಿ, ಸಿಟಿಆರ್‌ಐ ಸಂಖ್ಯೆ, ಎಥಿಕ್ಸ್ ಕಮಿಟಿಯ ನಂಬರ್ ಈ ಮೂರನ್ನೂ ತಾಯಿ ಕಾರ್ಡಿನ ಕವರಿನಲ್ಲೇ ಹಾಕಿಡಿ. ಲಸಿಕೆಗೆ ಹೋದಾಗಲೆಲ್ಲ ಅದು ಕೈಯಲ್ಲಿರುತ್ತದೆ, ಕಳೆದುಹೋಗುವುದಿಲ್ಲ.